ಬಿಸಿಡಿಯ ಜಾಗಕ್ಕೆ ನೀರು ತುಂಬುವ ಸಿಲಿಂಡರ್ ಬರುತ್ತದೆಯೇ? ಸ್ಕೂಬಾ ಓದುಗರ ಪ್ರಶ್ನೆಗಳು

ಪ್ರಶ್ನೆ: ತೇಲುವಿಕೆ ಹೊಂದಿಸಲು ಗಾಳಿ ತುಂಬುವ ಜಾಕೆಟ್ ಆದ ಬಿಸಿಡಿಯ ಬದಲು, ಉಸಿರಾಟದ ಗಾಳಿಯ ಸಿಲಿಂಡರ್‌ನೊಳಗೇ ನೀರು ಪಂಪ್ ಮಾಡಿ ತೇಲುವಿಕೆ ಹೊಂದಿಸುವ ಅವೆಲೋದಂಥ ವ್ಯವಸ್ಥೆ ಬಂದಿದೆಯಲ್ಲ, ಎಲ್ಲರೂ ಬೇಗ ಅದಕ್ಕೇ ಬದಲಾಗುತ್ತಾರೆಯೇ? ನಾನು ಹೊಸ ಬಿಸಿಡಿ ಕೊಳ್ಳಬೇಕೆಂದಿದ್ದೆ. ಕಾಯುವುದು ಒಳ್ಳೆಯದೇ?

ಉತ್ತರ: ಕಾಯಬೇಡಿ, ಕೊಳ್ಳಿ. ಹೊಸ ವ್ಯವಸ್ಥೆಯ ಹಿಂದಿರುವ ವಿಚಾರ ಗಟ್ಟಿಯಾದದ್ದೇ. ಆದರೆ ಅದು ಎಲ್ಲ ಡೈವರ್‌ಗಳ ಬೆನ್ನೇರಲು ಬಹಳ ಕಾಲ ಹಿಡಿಯುತ್ತದೆ.

ಬಿಸಿಡಿಯ ತೊಂದರೆ ಎಲ್ಲಿದೆ ನೋಡಿ. 10 ಮೀಟರ್ ಆಳದಲ್ಲಿ ಒತ್ತಡ 2 ಬಾರ್, ಅಂದರೆ ಮೇಲ್ಮೈಯ ಎರಡು ಪಟ್ಟು. ಅಲ್ಲಿ ಸಮತೋಲನಕ್ಕೆ ಬಿಸಿಡಿಯೊಳಗೆ 3 ಲೀಟರ್ ಗಾಳಿ ಬೇಕಾಯಿತು ಎಂದುಕೊಳ್ಳಿ. 5 ಮೀಟರ್‌ಗೆ ಬಂದರೆ ಒತ್ತಡ 1.5 ಬಾರ್‌ಗೆ ಇಳಿದು ಅದೇ ಗಾಳಿ 4 ಲೀಟರ್ ಆಗುತ್ತದೆ, ನಿಮ್ಮನ್ನು ಮೇಲೆತ್ತುವ ಬಲ ಸುಮಾರು 1 ಕಿಲೋದಷ್ಟು ಹೆಚ್ಚುತ್ತದೆ. 20 ಮೀಟರ್‌ಗೆ ಇಳಿದರೆ ಗಾಳಿ 2 ಲೀಟರ್‌ಗೆ ಕುಗ್ಗಿ ಅಷ್ಟೇ ಬಲ ಕಡಿಮೆಯಾಗುತ್ತದೆ. ಅಂದರೆ ಸ್ವಲ್ಪ ಮೇಲೇರಿದವರನ್ನು ಬಿಸಿಡಿ ಇನ್ನೂ ಮೇಲಕ್ಕೆಳೆಯುತ್ತದೆ, ಸ್ವಲ್ಪ ಇಳಿದವರನ್ನು ಇನ್ನೂ ಕೆಳಕ್ಕೆ ಬಿಡುತ್ತದೆ. ಆಳ ಬದಲಾದಾಗಲೆಲ್ಲ ಕೈ ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಮೇಲಿರುವುದು ಇದಕ್ಕೇ.

ಹೊಸ ವ್ಯವಸ್ಥೆಯಲ್ಲಿ ಹಿಗ್ಗುವ ಚೀಲದ ಬದಲು ಗಟ್ಟಿ ಸಿಲಿಂಡರ್ ಇದೆ. ಒಳಗೊಂದು ಮೆತ್ತನೆಯ ಪೊರೆ ಉಸಿರಾಡುವ ಗಾಳಿಯನ್ನೂ ನೀರನ್ನೂ ಬೇರೆಯಾಗಿಡುತ್ತದೆ. ಬ್ಯಾಟರಿ ಪಂಪ್ ಒಂದು ಲೀಟರ್ ಸಮುದ್ರದ ನೀರನ್ನು ಒಳಗೆ ತಳ್ಳಿದರೆ ನೀವು ಸುಮಾರು 1 ಕಿಲೋ ಭಾರವಾಗುತ್ತೀರಿ. ಹೊರಬಿಡಲು ಪಂಪ್ ಬೇಡ, ವಾಲ್ವ್ ತೆರೆದರೆ ಒಳಗಿನ ಒತ್ತಡವೇ ನೀರನ್ನು ದೂಡುತ್ತದೆ. ಸಿಲಿಂಡರ್‌ನ ಹೊರ ಅಳತೆ ಬದಲಾಗುವುದಿಲ್ಲವಾದ್ದರಿಂದ 5 ಮೀಟರ್‌ನಲ್ಲೂ 20 ಮೀಟರ್‌ನಲ್ಲೂ ಅದರ ತೇಲುವಿಕೆ ಒಂದೇ. ಉಸಿರಾಡಿ ಗಾಳಿ ಖಾಲಿಯಾದಂತೆ ಕಳೆದುಕೊಂಡ ತೂಕಕ್ಕೆ ಸರಿಯಾಗಿ ಆಗಾಗ ನೀರು ಸೇರಿಸಿದರೆ ಸಾಕು.

ಪಂಪ್‌ಗೆ ದೊಡ್ಡ ಬ್ಯಾಟರಿಯೂ ಬೇಡ. ಸರಾಸರಿ 200 ಬಾರ್ ಒತ್ತಡಕ್ಕೆ ಎದುರಾಗಿ 2 ಲೀಟರ್ ನೀರು ತಳ್ಳಲು 40 ಕಿಲೋಜೂಲ್, ಅಂದರೆ 11 ವಾಟ್-ಅವರ್ ಸಾಕು. ಅರ್ಧ ಶಕ್ತಿ ಪಂಪ್‌ನಲ್ಲೇ ಪೋಲಾದರೂ 22. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವ ಲಿಥಿಯಂ ಬ್ಯಾಟರಿಗೆ ಸಾಮಾನ್ಯ ಮಿತಿ 100 ವಾಟ್-ಅವರ್ ಇರುವುದರಿಂದ ಅಲ್ಲೂ ಅಡ್ಡಿಯಿಲ್ಲ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 10 ಲೀಟರ್ ಸಿಲಿಂಡರ್‌ಗೆ 2 ಲೀಟರ್ ನೀರು ಹೋದರೆ ಗಾಳಿಗೆ ಉಳಿಯುವುದು 8 ಲೀಟರ್ ಜಾಗ. 200 ಬಾರ್ ಇದ್ದ ಗೇಜ್ 250 ತೋರಿಸುತ್ತದೆ, ಆದರೆ ಗಾಳಿ ಒಂದಿಷ್ಟೂ ಹೆಚ್ಚಿರುವುದಿಲ್ಲ. ಕೊನೆಯಲ್ಲಿ ಗೇಜ್ 50 ಬಾರ್ ತೋರಿಸುವಾಗಲೂ ಉಳಿದಿರುವುದು 8 × 50, ಅಂದರೆ 400 ಲೀಟರ್, ಹಳೆಯ ಲೆಕ್ಕದ 10 × 50 = 500 ಅಲ್ಲ. ಹಳೆಯ ಸಿಲಿಂಡರ್‌ಗೆ ಒಗ್ಗಿಕೊಂಡವರು ತರಬೇತಿಯಲ್ಲಿ ಮೊದಲು ಕಲಿಯಬೇಕಾದದ್ದು ಈ ಲೆಕ್ಕ.

ಹಾಗಾದರೆ ಹರಡುವುದಕ್ಕೆ ತಡೆ ಏನು? ಸಿಲಿಂಡರ್. ಆಕ್ಟೋಪಸ್ ರೆಗ್ಯುಲೇಟರ್ (ಉಸಿರಾಡಲು ಇನ್ನೊಂದು ಬಾಯಿಕೊಳವೆ), ಇನ್‌ಫ್ಲೇಟರ್ ಹೋಸ್, 1983ರ ಓರ್ಕಾ ಎಜ್‌ನಿಂದ ಮೊದಲ್ಗೊಂಡು ಬಂದ ಡೈವ್ ಕಂಪ್ಯೂಟರ್‌ಗಳು, ಇವೆಲ್ಲ ಇದ್ದ ಸಿಲಿಂಡರ್ ಜೊತೆಗೇ ಬಳಸುವಂಥವು. ಆಮ್ಲಜನಕ ಹೆಚ್ಚಿರುವ ಗಾಳಿಯಾದ ನೈಟ್ರಾಕ್ಸ್ ಸಹ ಅದೇ ಸಿಲಿಂಡರ್‌ಗೆ ಹೋಯಿತು. ಬೇರೆಯದೇ ಘಟಕ ಕೇಳಿದ, ಬಿಟ್ಟ ಉಸಿರನ್ನೇ ಶುದ್ಧಮಾಡಿ ಮತ್ತೆ ಕೊಡುವ ರಿಬ್ರೀದರ್ ಮಾತ್ರ ಇಂದಿಗೂ ಕೆಲವರ ಉಪಕರಣವಾಗಿಯೇ ಉಳಿದಿದೆ. ಡೈವರ್ ಪ್ರವಾಸ ಹೋಗುವಾಗ ಬಿಸಿಡಿ, ರೆಗ್ಯುಲೇಟರ್ ಒಯ್ಯುತ್ತಾನೆ, ಸಿಲಿಂಡರನ್ನು ಹೋದಲ್ಲಿ ಬಾಡಿಗೆಗೆ ಪಡೆಯುತ್ತಾನೆ. ತೇಲುವಿಕೆಯೇ ಸಿಲಿಂಡರ್‌ನೊಳಗೆ ಸೇರಿಕೊಂಡರೆ ಆ ಸಿಲಿಂಡರ್ ಸಿಗುವ ಡೈವ್ ಸೆಂಟರ್‌ನಲ್ಲಿ ಮಾತ್ರ ನಿಮ್ಮ ಸಾಮಾನು ಕೆಲಸಕ್ಕೆ ಬರುತ್ತದೆ. ಸೆಂಟರ್‌ನವರು ಹೊಸ ಸಿಲಿಂಡರ್ ಸಾಲು ಕೊಳ್ಳಬೇಕು, ಪಂಪ್ ರಿಪೇರಿ ಕಲಿಯಬೇಕು, ಗೈಡ್‌ಗಳಿಗೆ ತರಬೇತಿ ಕೊಡಬೇಕು. ಇಷ್ಟಾದರೂ ಎರಡು–ಮೂರು ಲೀಟರ್ ನೀರಿನ ವ್ಯತ್ಯಾಸ ಅಲೆಯಲ್ಲಿ ತಲೆಯನ್ನು ನೀರಿನಿಂದ ಸಾಕಷ್ಟು ಎತ್ತಿ ಹಿಡಿಯುವುದಿಲ್ಲ. ಮೇಲ್ಮೈಯಲ್ಲಿ ತೇಲಲು ಗಾಳಿಚೀಲ ಬೇಕೇ ಬೇಕು.

ಗಟ್ಟಿ ಗೋಡೆಯ ತೇಲುವಿಕೆ ಹೊಸ ಯೋಚನೆಯೂ ಅಲ್ಲ. 1970ರ ದಶಕದಲ್ಲಿ ಡೇಕೋರ್ ಕಂಪನಿ ನಾಟಿಲಸ್ ಸಿವಿಎಸ್ ಎಂಬ ಗಟ್ಟಿ ಕವಚದ ಸಾಧನ ತಂದಿತ್ತು. ಅದು ನೆಲೆಯೂರಲಿಲ್ಲ, ಮೆತ್ತನೆಯ ಜಾಕೆಟ್ ಗೆದ್ದಿತು. ಈಗಿನ ಹಗುರ ಕಾಂಪೊಸಿಟ್ ಸಿಲಿಂಡರ್, ಚಿಕ್ಕ ಪಂಪ್ ಅಂದು ಇರಲಿಲ್ಲ ಎಂಬುದನ್ನೂ ಮರೆಯಬಾರದು. ನಮ್ಮ ಅಂದಾಜು ಇಷ್ಟು: ಒಂದೇ ಜಾಗದಲ್ಲಿ ಪದೇಪದೇ ಮುಳುಗುವವರು, ಮುಳುಗಲು ಸೊಂಟಕ್ಕೆ ಕಟ್ಟುವ ಸೀಸ ಹೊರಲಾಗದವರು, ನೀರೊಳಗೆ ಫೋಟೊ ತೆಗೆಯುವವರು ಇದನ್ನು ಮೊದಲು ಮೆಚ್ಚುತ್ತಾರೆ. ಯಾವ ಸಿಲಿಂಡರ್‌ಗಾದರೂ ಜೋಡಿಸಬಹುದಾದ ರೂಪ ಬರುವವರೆಗೆ ಉಳಿದವರು ಬಿಸಿಡಿ ಬಿಡುವುದಿಲ್ಲ.

ಪ್ರಶ್ನೆ: ನೀರಿನಡಿಯಲ್ಲಿ ಬ್ಯಾಟರಿ ಸತ್ತರೆ?

ಉತ್ತರ: ಹೊರಬಿಡುವುದು ಸಾಧ್ಯ, ಸೇರಿಸುವುದು ಅಸಾಧ್ಯ. ಹಾಗಾಗಿ ನೀವು ಮುಳುಗಿಹೋಗುವ ಭಯವಿಲ್ಲ, ಹಗುರವಾಗುವ ಭಯವಿದೆ. 1,500 ಲೀಟರ್ ಗಾಳಿ ಉಸಿರಾಡಿದರೆ ಸುಮಾರು 1.8 ಕಿಲೋ ತೂಕ ಹೋಗುತ್ತದೆ. ಅಷ್ಟು ಹಗುರವಾದವರು ಮೇಲೇರುವಾಗ ಕೆಲ ನಿಮಿಷ ತಂಗುವ 5 ಮೀಟರ್‌ನ ಸೇಫ್ಟಿ ಸ್ಟಾಪ್‌ನಲ್ಲಿ ನಿಲ್ಲಲಾರರು. ಪಂಪ್ ನಿಂತದ್ದು ಗೊತ್ತಾದ ಕೂಡಲೇ, ಇನ್ನಷ್ಟು ಗಾಳಿ ಖರ್ಚಾಗುವ ಮೊದಲೇ, ಜೊತೆಗಾರರಿಗೆ ಸನ್ನೆ ಮಾಡಿ ಏರಲು ಶುರುಮಾಡಿ. ಸ್ಟಾಪ್‌ನಲ್ಲಿ ಲಂಗರಿನ ಹಗ್ಗವಿದ್ದರೆ ಹಿಡಿದುಕೊಳ್ಳಿ.

ಬಿಸಿಡಿಯಲ್ಲಿ ಇದಕ್ಕೆ ಸಮನಾದ ಅಪಾಯ ಇನ್‌ಫ್ಲೇಟರ್ ಬಟನ್ ಉಪ್ಪು, ಮರಳು ಸಿಕ್ಕಿ ಒತ್ತಿದಂತೆಯೇ ನಿಂತುಬಿಡುವುದು. ಆಗ ಒಂದು ಕೈಯಲ್ಲಿ ಗಾಳಿ ಹೊರಬಿಡುವ ಡಂಪ್ ವಾಲ್ವ್ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಇನ್‌ಫ್ಲೇಟರ್‌ಗೆ ಗಾಳಿ ತರುವ ಲೋ-ಪ್ರೆಶರ್ ಹೋಸ್‌ನ ಕಾಲರ್ ಹಿಂದಕ್ಕೆಳೆದು ಕಳಚಬೇಕು. ಕೈಗವಸು ಹಾಕಿಕೊಂಡೇ ಇದನ್ನು ಅಭ್ಯಾಸ ಮಾಡಿ. ಬರಿಗೈಯಲ್ಲಿ ಸುಲಭವಾಗಿ ಜಾರುವ ಕಾಲರ್ ದಪ್ಪ ಗವಸಿನ ಬೆರಳಿಗೆ ಸಿಗುವುದೇ ಇಲ್ಲ.

ಪ್ರಶ್ನೆ: ಆಳ ಅಳೆದು ತಾನೇ ಗಾಳಿ ತುಂಬಿ ಬಿಡುವ ಸ್ವಯಂಚಾಲಿತ ಬಿಸಿಡಿ ಯಾಕೆ ಎಲ್ಲೆಡೆ ಇಲ್ಲ?

ಉತ್ತರ: ನಿಮ್ಮ ಉಸಿರಾಟವೇ ಅದಕ್ಕೆ ದೊಡ್ಡ ತೊಡಕು. ಒಂದು ಸಾಮಾನ್ಯ ಉಸಿರಿಗೆ ಅರ್ಧ ಲೀಟರ್, ಆಳವಾದ ಉಸಿರಿಗೆ ಅದರ ಹಲವು ಪಟ್ಟು ತೇಲುವಿಕೆ ಬದಲಾಗುತ್ತದೆ. ಅದರಿಂದ ಆಳದಲ್ಲಿ ಆಗುವ ಸಣ್ಣ ಏರಿಳಿತ ಸೆನ್ಸರ್‌ಗೆ ನಿಜವಾದ ಏರಿಳಿತದಂತೆಯೇ ಕಾಣುತ್ತದೆ. ಅದೂ ದೇಹ ಚಲಿಸಿದ ಮೇಲೆ ಕಾಣುತ್ತದೆ. ವಾಲ್ವ್ ತೆರೆಯುವ ಹೊತ್ತಿಗೆ ನೀವು ಉಸಿರು ಬಿಟ್ಟಿರುತ್ತೀರಿ. ಸಾಧನ ತಪ್ಪನ್ನು ಬೆನ್ನಟ್ಟುತ್ತಾ ಮೇಲೆ ಕೆಳಗೆ ತೂಗಾಡುತ್ತದೆ, ಸಿಲಿಂಡರ್‌ನ ಗಾಳಿ ವ್ಯರ್ಥವಾಗುತ್ತದೆ. ವಾಲ್ವ್ ತೆರೆದಲ್ಲೇ ಕೆಟ್ಟು ನಿಂತರೆ ಡೈವರ್ ಮೇಲಕ್ಕೆ ಚಿಮ್ಮುತ್ತಾನೆ. ಮೇಲ್ಮೈ ಹತ್ತಿರ ಒತ್ತಡ ಬೇಗ ಬದಲಾಗುವುದರಿಂದ ಶ್ವಾಸಕೋಶಕ್ಕೆ ಹಾನಿಯಾಗುವ ಅಪಾಯ ಅಲ್ಲೇ ಅತಿ ಹೆಚ್ಚು.

ಪ್ರಶ್ನೆ: ಹೊಸ ಉಪಕರಣ ಕೊಳ್ಳದೆ ನನ್ನ ತೇಲುವಿಕೆ ಸುಧಾರಿಸುವುದು ಹೇಗೆ?

ಉತ್ತರ: ಸೊಂಟದ ಸೀಸ ತೂಗಿ ನೋಡಿ. 4 ಕಿಲೋ ಹೆಚ್ಚಿದ್ದರೆ ಅದನ್ನು ಹೊರಲೆಂದೇ ಬಿಸಿಡಿಯಲ್ಲಿ 4 ಲೀಟರ್ ಗಾಳಿ ಇರಬೇಕು. 10 ಮೀಟರ್‌ನಲ್ಲಿ ತುಂಬಿದ ಆ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ 8 ಲೀಟರ್. ತೇಲುವಿಕೆ ಹತೋಟಿಗೆ ಬರುವುದಿಲ್ಲ ಎನ್ನುವ ಬಹುಪಾಲು ಡೈವರ್‌ಗಳ ಕಷ್ಟಕ್ಕೆ ಮೂಲ ಇದೇ, ಇದಕ್ಕೆ ಪಂಪ್ ಬೇಕಿಲ್ಲ.

ಡೈವ್ ಮುಗಿದ ಮೇಲೆ ಸಿಲಿಂಡರ್‌ನಲ್ಲಿ ಸುಮಾರು 50 ಬಾರ್ ಇರುವಾಗ ಪರೀಕ್ಷಿಸಿ. ಬಿಸಿಡಿ ಪೂರ್ತಿ ಖಾಲಿ ಮಾಡಿ, ಕಾಲಾಡಿಸದೆ ನೆಟ್ಟಗೆ ನಿಂತು, ಸಾಮಾನ್ಯ ಉಸಿರೆಳೆದು ಕ್ಷಣಕಾಲ ತಡೆಯಿರಿ. ನೀರು ಕಣ್ಣಿನ ಮಟ್ಟದಲ್ಲಿರಬೇಕು. ಉಸಿರು ಬಿಟ್ಟಾಗ ನಿಧಾನವಾಗಿ ಇಳಿಯಬೇಕು. ದಡಬಡನೆ ಮುಳುಗಿದರೆ ಒಂದೊಂದೇ ಕಿಲೋ ತೆಗೆಯಿರಿ. ತುಂಬಿದ ಸಿಲಿಂಡರ್‌ನಲ್ಲಿ ಪರೀಕ್ಷಿಸಿದ್ದರೆ ಸಿಕ್ಕ ತೂಕಕ್ಕೆ 2 ಕಿಲೋ ಸೇರಿಸಿ: 12 ಲೀಟರ್ ಸಿಲಿಂಡರ್ 200 ಬಾರ್‌ನಿಂದ 50ಕ್ಕೆ ಇಳಿಯುವಾಗ ಹೋಗುವ ಗಾಳಿ ಸುಮಾರು 2.2 ಕಿಲೋ ತೂಗುತ್ತದೆ. ಸಿಹಿನೀರಿನಿಂದ ಸಮುದ್ರಕ್ಕೆ ಹೋದರೆ, ಸಾಮಾನು ಸೇರಿ 100 ಕಿಲೋ ಇರುವವರಿಗೆ ಸುಮಾರು 2.5 ಕಿಲೋ ಹೆಚ್ಚು ಸೀಸ ಬೇಕು. ವೆಟ್‌ಸೂಟ್ ಬದಲಿಸಿದಾಗ ಪರೀಕ್ಷೆ ಮತ್ತೆ ಮೊದಲಿನಿಂದ ಮಾಡಿ. ಹಳೆಯ ಸೂಟ್‌ನ ನಿಯೋಪ್ರಿನ್ ಬಳಸಿ ಬಳಸಿ ಕುಗ್ಗಿರುತ್ತದೆ, ಅಷ್ಟೇ ದಪ್ಪದ ಹೊಸ ಸೂಟ್ ಹೆಚ್ಚು ತೇಲುತ್ತದೆ.