ಪಾಲಿಕೆಯ ಲೆಕ್ಕಪತ್ರ, ಉಗ್ರಾಣ, ವಾಹನ ವಿಭಾಗಗಳ ಕೆಲಸವನ್ನು ಅಳೆಯುವುದು ಹೇಗೆ?

ದಾವಣಗೆರೆ ಮಹಾನಗರ ಪಾಲಿಕೆಯಂಥ ಕಡೆ ಮುಖ್ಯವಾಗಿ ಬೇಕಾದ್ದು ಎರಡು ದಿನಾಂಕ: ಬೇರೆ ವಿಭಾಗದ ಬೇಡಿಕೆ ಪತ್ರ ಬಂದ ದಿನ, ಕೆಲಸ ಮುಗಿದು ಕೇಳಿದವರ ಕೈ ಸೇರಿದ ದಿನ. ನಡುವಿನ ಅಂತರವನ್ನು ಮೊದಲೇ ಒಪ್ಪಿಕೊಂಡ ಗಡುವಿನ ಜೊತೆ ತಿಂಗಳಿಗೊಮ್ಮೆ ಹೋಲಿಸಬೇಕು.

ಅಳೆಯಲೇಬೇಕು, ಏಕೆಂದರೆ ಈ ವಿಭಾಗಗಳ ತಡ ಜನರಿಗೆ ಕಾಣುವುದಿಲ್ಲ. ಕಸದ ಆಟೋ ವರ್ಕ್‌ಶಾಪ್‌ನಲ್ಲಿ ವಾರಗಟ್ಟಲೆ ನಿಂತರೆ ವಾರ್ಡಿನವರು ಬೈಯುವುದು ಹೆಲ್ತ್ ಇನ್‌ಸ್ಪೆಕ್ಟರನ್ನು. ಟೈರಿನ ಇಂಡೆಂಟ್ (ಬೇಡಿಕೆ ಪತ್ರ) ಉಗ್ರಾಣದಲ್ಲೇ ಕೂತಿದೆ ಎಂಬುದು ಯಾರಿಗೂ ಗೊತ್ತಾಗದು.

ಸರಾಸರಿಯನ್ನು ನಂಬಬೇಡಿ. ಒಂಬತ್ತು ಬಿಲ್ 3 ದಿನಕ್ಕೆ, ಒಂದು 60 ದಿನಕ್ಕೆ ಪಾಸಾದರೂ ಸರಾಸರಿ 9 ದಿನದೊಳಗೇ ಬರುತ್ತದೆ. ಗಡುವು ಮೀರಿದ ಕಡತಗಳೆಷ್ಟು, ಅತಿ ಹಳೆಯದು ಎಷ್ಟು ದಿನದ್ದು ಎಂದು ಕೇಳಿ.

ಲೆಕ್ಕ ಹೆಚ್ಚಾಗಿ ದಾರಿ ತಪ್ಪುವುದು ಆಕ್ಷೇಪಣೆಯಲ್ಲಿ. ‘ಅಳತೆ ಪುಸ್ತಕ (ಮಾಡಿದ ಕೆಲಸದ ಅಳತೆ ಬರೆಯುವ ದಾಖಲೆ) ಲಗತ್ತಿಸಿ’ ಎಂದು ವಾಪಸ್ ಕಳಿಸಿದ ಬಿಲ್ಲನ್ನು ವಿಲೇವಾರಿ ಎಂದು ಬರೆದುಬಿಟ್ಟರೆ, ಮರಳಿ ಬಂದಾಗ ಅದಕ್ಕೆ ಹೊಸ ನಂಬರ್, ದಿನದ ಎಣಿಕೆ ಮತ್ತೆ ಸೊನ್ನೆಯಿಂದ. ಹಳೆಯ ನಂಬರನ್ನೇ ಉಳಿಸಿ, ಎಷ್ಟು ಸಲ ವಾಪಸಾಯಿತೆಂದು ಪಕ್ಕದಲ್ಲಿ ಬರೆಯಿಸಿ. ಮೂರು ಆಕ್ಷೇಪಣೆಯನ್ನು ಒಂದೇ ಸಲ ಹೇಳದೆ ಕಂತಿನಲ್ಲಿ ಹೇಳುವ ಕೆಟ್ಟ ಅಭ್ಯಾಸ ಸಿಕ್ಕಿಬೀಳುವುದು ಅಲ್ಲೇ. ವಾಹನವೂ ಅಷ್ಟೇ: ಅದೇ ದೋಷಕ್ಕೆ 15 ದಿನದೊಳಗೆ ಮತ್ತೆ ಬಂದರೆ ಹಳೆಯ ಜಾಬ್ ಕಾರ್ಡನ್ನೇ (ಆ ರಿಪೇರಿಯ ದಾಖಲೆಯನ್ನೇ) ತೆರೆಯಬೇಕು.

ಕೇಳಿದ ವಿಭಾಗದ ಸಹಿ ಬೀಳುವವರೆಗೆ ಕೆಲಸ ಮುಗಿದಂತಲ್ಲ. ಗಡುವು ಮೀರಿದ ಕಡತಗಳ ಪಟ್ಟಿಯನ್ನು ಆಯುಕ್ತರ ಮಾಸಿಕ ಸಭೆಗೆ ಇಡಿ. ಬಿಲ್ಲಿನ ಭಾಗವನ್ನು ಲೆಕ್ಕಪತ್ರಗಳ ಸ್ಥಾಯಿ ಸಮಿತಿಯ ಮುಂದೆಯೂ ಇಡಬಹುದು.