ಮಗಳ ಮೇಲಿನ ಆಸೆ, ಮಗಳ ಜೊತೆಗಿನ ಮಾತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿ ಸಿಇಟಿ ಬರೆದಿದ್ದಾಳೆ. ಇಂಜಿನಿಯರಿಂಗ್ ಸೇರಲಿ ಎಂಬುದು ನನ್ನಾಸೆ. ಅವಳು ಪೊನ್ನಂಪೇಟೆಯ ಅರಣ್ಯ ಕಾಲೇಜೇ ಬೇಕು ಅನ್ನುತ್ತಾಳೆ. ಎರಡು ವಾರದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸುಗಳನ್ನು ಸಾಲಾಗಿ ತುಂಬುವ ದಿನ) ಹತ್ತಿರ ಬಂತು. ಏನು ಮಾಡಲಿ?
— ಒಬ್ಬ ತಂದೆ, ಗೋಣಿಕೊಪ್ಪ

ಉತ್ತರ: ಮೊದಲು ಆಪ್ಷನ್ ಎಂಟ್ರಿಯ ವಿಷಯ. ಎಷ್ಟೋ ಮನೆಗಳಲ್ಲಿ ಅಪ್ಪ–ಮಗಳ ನಂಬಿಕೆ ಮುರಿಯುವುದು ಅಲ್ಲೇ. ಅಪ್ಪ ಸೈಬರ್ ಸೆಂಟರಿನಲ್ಲಿ ಕೂತು ಮೊದಲ ನಲವತ್ತು ಸಾಲು ಇಂಜಿನಿಯರಿಂಗ್ ತುಂಬಿಸಿ, ಕೊನೆಗೆ ಒಂದು ಸಾಲು ಅರಣ್ಯಶಾಸ್ತ್ರ ಹಾಕಿ, 'ನಿಂದೂ ಹಾಕಿದ್ದೀನಲ್ಲ' ಅನ್ನುತ್ತಾರೆ. ಮಗಳು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪರದೆ ನೋಡುತ್ತಿರುತ್ತಾಳೆ. ಮೇಲಿನ ಸಾಲಿನ ಸೀಟು ಸಿಕ್ಕರೆ ಕೆಳಗಿನದು ಲೆಕ್ಕಕ್ಕೇ ಬರುವುದಿಲ್ಲ ಎಂದು ಅವಳಿಗೂ ಗೊತ್ತು. ಪಾಸ್‌ವರ್ಡ್ ಅವಳ ಕೈಯಲ್ಲಿರಲಿ. ಪಟ್ಟಿಯನ್ನು ಅವಳೇ ತುಂಬಲಿ, ನೀವು ಪಕ್ಕದಲ್ಲಿರಿ.

ಆ ದಿನಕ್ಕೆ ಮುಂಚೆ ಒಂದು ಕೆಲಸ ಮಾಡಿ. ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಮೂರು ವಿಷಯ ಬರೆಯಿರಿ: ನನ್ನ ಆಸೆ ಏನು, ನನ್ನ ಭಯ ಏನು, ಹಣ ಎಲ್ಲಿಂದ ಬರುತ್ತದೆ. ಹಾಳೆ ಬದಲಾಯಿಸಿಕೊಳ್ಳಿ. ಓದಿದ ರಾತ್ರಿ ಅದರ ಬಗ್ಗೆ ಮಾತಾಡಬೇಡಿ, ಮಾತು ಮರುದಿನಕ್ಕಿರಲಿ. ನಾವು ಆಸೆ ಎಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ಭಯವೇ ಇರುತ್ತದೆ. 'ಇಂಜಿನಿಯರ್ ಆಗಲಿ' ಎಂಬುದರ ಒಳಗಿರುವುದು 'ನಾಳೆ ಕೆಲಸ ಸಿಗದೆ ಹೋದರೆ?' ಎಂಬ ಚಿಂತೆ. ಆಸೆಯ ಮೇಲೆ ಎಷ್ಟು ವಾದ ಮಾಡಿದರೂ ಮುಗಿಯದು, ಭಯಕ್ಕಾದರೆ ಮಾಹಿತಿಯಿಂದ ಉತ್ತರ ಸಿಗುತ್ತದೆ.

ಮಾಹಿತಿ ಇದು. ಪೊನ್ನಂಪೇಟೆಯ ಕಾಲೇಜು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಬಿಎಸ್ಸಿ ಅರಣ್ಯಶಾಸ್ತ್ರ ನಾಲ್ಕು ವರ್ಷ. ಸಿಇಟಿಯಲ್ಲಿ ಜೀವಶಾಸ್ತ್ರ ಬರೆದಿರಬೇಕು. ಕೃಷಿಕರ ಕೋಟಾ ಬೇಕಿದ್ದರೆ ಅರ್ಜಿಯಲ್ಲೇ ಕೇಳಿ, ಪ್ರಮಾಣಪತ್ರ ಕೊಟ್ಟು, ಪ್ರಾಯೋಗಿಕ ಪರೀಕ್ಷೆಗೂ ಹೋಗಿರಬೇಕು. ಮುಂದೆ ವಲಯ ಅರಣ್ಯಾಧಿಕಾರಿ ಹುದ್ದೆಗಳಲ್ಲಿ ಅರಣ್ಯಶಾಸ್ತ್ರ ಪದವೀಧರರಿಗೆ ಪಾಲಿದೆ. ಬ್ಯಾಂಕುಗಳ ಕೃಷಿ ಅಧಿಕಾರಿ ಪರೀಕ್ಷೆಗೂ ಈ ಪದವಿ ನಡೆಯುತ್ತದೆ, ಎಂಎಸ್ಸಿ ದಾರಿ ಹೇಗೂ ಇದೆ. ಗೋಣಿಕೊಪ್ಪದಿಂದ ಕಾಲೇಜು ದೂರವೇನಲ್ಲ. ಒಂದು ದಿನ ಇಬ್ಬರೂ ಹೋಗಿ, ಕೊನೆಯ ವರ್ಷದ ಹೆಣ್ಣುಮಕ್ಕಳನ್ನೇ ಕೇಳಿ: ಹೋದ ವರ್ಷ ಮುಗಿಸಿದವರು ಎಲ್ಲಿದ್ದಾರೆ, ಹಾಸ್ಟೆಲ್ ಹೇಗಿದೆ, ಕಾಡಿನ ಕೆಲಸಕ್ಕೆ ಕಳಿಸುವಾಗ ಯಾರು ಜೊತೆಗಿರುತ್ತಾರೆ. ಅವಳು ಕೇಳುವಾಗ ನೀವು ನಡುವೆ ಬಾಯಿ ಹಾಕಬೇಡಿ.

ಹಣದ್ದು ಕೊಡಗಿನಲ್ಲಿ ಬೇರೆಯೇ ತೊಡಕು. ರೋಬಸ್ಟಾ ಕಾಫಿ ಮಾರಿದ ದುಡ್ಡು ಬೇಸಿಗೆಯಲ್ಲಿ ಒಟ್ಟಿಗೆ ಬರುತ್ತದೆ, ಫೀಸು ಕಟ್ಟುವುದು ಮಳೆಗಾಲದಲ್ಲಿ. ಅಷ್ಟರಲ್ಲಿ ಗೊಬ್ಬರ, ಮದ್ದು, ಆಳಿನ ಮುಂಗಡಕ್ಕೆ ದುಡ್ಡು ಹೋಗಿರುತ್ತದೆ. ಕಾಫಿ ಮಾರಿದ ವಾರವೇ ಒಂದು ವರ್ಷದ ಫೀಸನ್ನು ಅವಳ ಖಾತೆಗೆ ಹಾಕಿಬಿಡಿ. ಸಾಲದಿದ್ದರೆ ಬ್ಯಾಂಕುಗಳ ಶಿಕ್ಷಣ ಸಾಲದ ಮಾದರಿ ಯೋಜನೆಯಿದೆ. 4 ಲಕ್ಷದವರೆಗೆ ನಿಮ್ಮ ಪಾಲಿನ ಹಣ ಕೇಳುವುದಿಲ್ಲ, 7.5 ಲಕ್ಷದವರೆಗೆ ಜಮೀನು ಅಡವಿಡಬೇಕಿಲ್ಲ. ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರು. 'ನಿನಗಾಗಿ ಸಾಲ ಮಾಡಿದೆ' ಎಂದು ಮಾತ್ರ ಯಾವತ್ತೂ ಹೇಳಬೇಡಿ. ಆ ಮಾತು ಸಾಲ ತೀರಿದ ಮೇಲೂ ತೀರುವುದಿಲ್ಲ.

ಎಲ್ಲ ನೋಡಿದ ಮೇಲೂ ಅವಳು ಅರಣ್ಯಶಾಸ್ತ್ರವನ್ನೇ ಮೊದಲ ಸಾಲಿಗೆ ಹಾಕಿದರೆ ಹಾಕಲಿ. ಓದಬೇಕಾದವಳು ಅವಳು.

ಪ್ರಶ್ನೆ: ನನಗೆ 27, ಬೆಂಗಳೂರಿನಲ್ಲಿ ಕೆಲಸ. ಅವ್ವ ದಿನಾ ರಾತ್ರಿ ಫೋನ್ ಮಾಡುತ್ತಾರೆ, ಎರಡನೇ ಮಾತೇ ಮದುವೆ. ಅಪ್ಪ ನೇರ ಕೇಳುವುದಿಲ್ಲ, ಅವ್ವನ ಬಾಯಲ್ಲಿ ಕೇಳಿಸುತ್ತಾರೆ. ಈಗೀಗ ಫೋನ್ ಎತ್ತುವುದನ್ನೇ ಬಿಟ್ಟಿದ್ದೇನೆ. ಆಮೇಲೆ ನಿದ್ದೆ ಬರುವುದಿಲ್ಲ.
— ಒಬ್ಬ ಮಗಳು, ಊರು ನಾಪೋಕ್ಲು

ಉತ್ತರ: ತಂಗೀ, 'ಈಗ ಬೇಡ' ಎಂಬ ಮಾತೇ ನಿಮ್ಮನ್ನು ದಿನಾ ಸಿಕ್ಕಿಸುತ್ತಿದೆ. ನೀವು 'ಈಗ ಬೇಡ' ಅಂದರೆ ಅವ್ವನಿಗೆ ಕೇಳಿಸುವುದು 'ನಾಳೆ ಇನ್ನೊಮ್ಮೆ ಕೇಳು' ಎಂದು. ಅದರ ಬದಲು ಪುತ್ತರಿಯಂಥ (ಕೊಡಗಿನ ಸುಗ್ಗಿ ಹಬ್ಬ) ದಿನ ಗೊತ್ತುಮಾಡಿ ಹೇಳಿ: 'ಅವ್ವ, ಪುತ್ತರಿಗೆ ಬರ್ತೀನಿ, ಎರಡು ದಿನ ಜಾಸ್ತಿ ರಜೆ ಹಾಕಿ ಇರ್ತೀನಿ. ಮದುವೆ ವಿಷಯ ಆಗ ಅಪ್ಪನೂ ಕೂತು ಮಾತಾಡೋಣ. ಅಲ್ಲಿವರೆಗೆ ಫೋನಲ್ಲಿ ಬೇಡ.' ಮುಂದೆ ಮಾತು ಎದ್ದಾಗಲೆಲ್ಲ ಇದೇ ವಾಕ್ಯ, ಇದೇ ದನಿಯಲ್ಲಿ. ಮೊದಲ ವಾರ ಅವ್ವ ಮುನಿಸಿಕೊಳ್ಳಬಹುದು. ಮಾತು ಬದಲಿಸಿದರೆ ಎಲ್ಲ ಮೊದಲಿನಿಂದ ಶುರು.

ಫೋನ್ ಎತ್ತದೆ ಇರಬೇಡಿ, ಹೊತ್ತು ಮಾತ್ರ ನೀವು ಗೊತ್ತುಮಾಡಿ. ವಾರಕ್ಕೆ ಮೂರು ಸಲ, ನೀವೇ ಮಾಡಿ, ಹದಿನೈದು ನಿಮಿಷ. ಮಗಳಾಗಿ ಫೋನ್ ಮಾಡಿದರೆ ತೋಟಕ್ಕೆ ಆನೆ ಬಂತಾ, ಮಳೆ ಎಷ್ಟು ಇಂಚು ಆಯ್ತು ಎಂದು ನೀವೂ ಕೇಳಬೇಕು. ಅಪ್ಪನಿಗೆ ಬೇರೆಯೇ ಫೋನ್ ಮಾಡಿ, ತೋಟದಿಂದ ಬಂದು ಕೈಕಾಲು ತೊಳೆದು ಕೂತ ಹೊತ್ತಿಗೆ. ಅವ್ವನ ಮೂಲಕ ಬಂದ ಯಾವ ಮಾತಿಗೂ ಅವ್ವನ ಮೂಲಕ ಉತ್ತರ ಬೇಡ. ಸುತ್ತಿ ಬಳಸಿ ಬರುವಾಗ ಅಪ್ಪನ ಚಿಂತೆ ಸಿಟ್ಟಾಗುತ್ತದೆ, ನಿಮ್ಮ ಕಾರಣ ಅಹಂಕಾರವಾಗುತ್ತದೆ.

ಪುತ್ತರಿಯ ರಾತ್ರಿ ಈ ಮಾತು ಎತ್ತಬೇಡಿ. ಕದಿರು ತರುವ ಹೊತ್ತು, ಮನೆ ತುಂಬ ಒಕ್ಕದವರು (ಒಂದೇ ಮನೆತನದವರು), ಚಿಕ್ಕಮ್ಮಂದಿರ ಎದುರು ಅಪ್ಪ ಬಿಗಿದುಕೊಳ್ಳುತ್ತಾರೆ. ನೆಂಟರು ಹೊರಟ ಮೇಲೆ ಕೂರಿ. ಅಂದಿಗೂ ಆಗದಿದ್ದರೆ ಜನವರಿ, ಫೆಬ್ರವರಿಗೆ ಇಡಬೇಡಿ, ಕೊಯ್ಲಿನಲ್ಲಿ ಎಲ್ಲರೂ ಸೋತಿರುತ್ತಾರೆ. ಕೂತಾಗ ಮೂರು ಮಾತು ಸ್ಪಷ್ಟವಾಗಿರಲಿ: ಮದುವೆ ಬೇಕೋ ಬೇಡವೋ, ಬೇಕಾದರೆ ಯಾವಾಗಿನಿಂದ ಹುಡುಕಬಹುದು, ನಿಮ್ಮನ್ನು ಕೇಳದೆ ಫೋಟೋ, ಬಯೋಡೇಟಾ ಯಾರಿಗೂ ಕಳಿಸುವಂತಿಲ್ಲ. ಮನಸ್ಸಿನಲ್ಲಿ ಯಾರಾದರೂ ಇದ್ದರೆ ಅದನ್ನೂ ಅಂದೇ ಹೇಳಿ. ಆಮೇಲೆ ಹೊರಗಿನಿಂದ ಗೊತ್ತಾದರೆ ಅವರಿಗೆ ನೋಯುವುದು ನೀವು ಮುಚ್ಚಿಟ್ಟಿರಿ ಎಂಬುದಕ್ಕೆ.

ನಿದ್ದೆಯ ವಿಷಯ ತಡ ಮಾಡಬೇಡಿ. ಎರಡು ವಾರ ಮೀರಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಒತ್ತಾಯ, ಬೆದರಿಕೆ, ಕೂಡಿಹಾಕುವ ಮಟ್ಟಕ್ಕೆ ಹೋದರೆ ಮಹಿಳಾ ಸಹಾಯವಾಣಿ 181 ಇದೆ.

ಪ್ರಶ್ನೆ: ನಮಗೆ ಇಬ್ಬರೂ ಹೆಣ್ಣುಮಕ್ಕಳು. ತೋಟವನ್ನು ತಮ್ಮನ ಮಗನಿಗೆ ಬರೆದುಬಿಡೋಣ ಅನ್ನುತ್ತಾರೆ ನಮ್ಮವರು. ಮಕ್ಕಳ ಮುಖ ನೋಡಿದರೆ ಸಂಕಟ.
— ಒಬ್ಬ ತಾಯಿ, ವಿರಾಜಪೇಟೆ

ಉತ್ತರ: ಅಮ್ಮಾ, ನಿಮ್ಮವರು ಮಕ್ಕಳನ್ನು ಒಂದು ಸಲವಾದರೂ ಕೇಳಿದ್ದಾರೆಯೇ? 'ಹೆಣ್ಣುಮಕ್ಕಳಿಗೆ ತೋಟ ಬೇಡ' ಎಂಬುದು ಬಹಳಷ್ಟು ಮನೆಗಳಲ್ಲಿ ಯಾರೂ ಕೇಳದೆ ಬರೆದ ಉತ್ತರ.

ಕಾನೂನು ಹೀಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯಿಂದ 2005ರ ಸೆಪ್ಟೆಂಬರ್ 9ರಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು, ಮದುವೆಯಾಗಿದ್ದರೂ ಸರಿ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಮಾರಾಟ, ವಿಲ್, ನೋಂದಣಿಯಾದ ಅಥವಾ ಕೋರ್ಟ್ ಡಿಕ್ರಿಯಿಂದ ಆದ ಆಸ್ತಿ ವಿಭಾಗ ಮಾತ್ರ ಹಾಗೇ ನಿಲ್ಲುತ್ತವೆ. ಯಜಮಾನರ ಸ್ವಂತ ಸಂಪಾದನೆಯಾದರೆ ವಿಲ್ ಬರೆಯಬಹುದು. ಅದಕ್ಕೆ ಇಬ್ಬರು ಸಾಕ್ಷಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಜಮ್ಮಾ (ಕೊಡಗಿನಲ್ಲಿ ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ) ಜಮೀನಾದರೆ ಪಹಣಿಯಲ್ಲಿ ಒಕ್ಕದ ಎಷ್ಟು ಹೆಸರಿದೆ ನೋಡಿ, ಆ ಕಾಗದ ಹಿಡಿದುಕೊಂಡು ಇಲ್ಲಿನ ಜಮ್ಮಾ ವ್ಯವಹಾರ ಬಲ್ಲ ವಕೀಲರ ಹತ್ತಿರ ಹೋಗಿ. ಅದಕ್ಕೆ ಮುಂಚೆ ಯಾವ ಕಾಗದಕ್ಕೂ ಸಹಿ ಬೇಡ.

ಸಂಪ್ರದಾಯದ ಮಾತು ಬಂದರೆ, ಗಂಡು ಸಂತಾನವಿಲ್ಲದ ಒಕ್ಕ ಮಗಳ ಮೂಲಕ ಮುಂದುವರಿಯುವ ಒಕ್ಕ ಪರಿಜೆ, ಮಕ್ಕ ಪರಿಜೆ ಎಂಬ ಪದ್ಧತಿಗಳು ಕೊಡವರಲ್ಲಿ ಹಿಂದಿನಿಂದಲೂ ಇವೆ. ಮದುವೆಯಲ್ಲಿ ಎರಡು ಮನೆಗಳ ನಂಟು ಕೂಡಿಸುವ ಶಾಸ್ತ್ರದಲ್ಲಿ, ಅಂದರೆ ಸಂಬಂಧ ಅಡ್‌ಕುವಾಗಲೂ ಹನ್ನೆರಡು ಕಲ್ಲುಗಳಲ್ಲಿ ಹನ್ನೊಂದನ್ನು ಕೊಟ್ಟು ಒಂದನ್ನು ತವರಿನ ಕಡೆ ಉಳಿಸಿಕೊಳ್ಳುತ್ತಾರೆ. ಮಗಳಿಗೆ ಈ ಮನೆಯ ನಂಟು ಕಡಿಯಲಿಲ್ಲ ಎಂದು ಅದರ ಅರ್ಥ. ಇದನ್ನು ನಿಮ್ಮವರಿಗೆ ಮೆಲ್ಲನೆ ನೆನಪಿಸಿ.

ಇನ್ನು ತೋಟ ಬೇಕು ಅಂದ ಮಗಳಿಗೆ ಬರೀ ಪತ್ರ ಕೊಟ್ಟರೆ ಸಾಲದು, ಒಂದು ವರ್ಷ ಪೂರ್ತಿ ಜೊತೆಗೆ ಓಡಾಡಿಸಿ. ಕಾಫಿ ಹೂವರಳಿಸುವ ಹೂ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಯಾವಾಗ ಹಾಕಬೇಕು, ಮಳೆಗಾಲಕ್ಕೆ ಮುಂಚೆ ಗಿಡಕ್ಕೆ ಹೊಡೆಯುವ ಬೋರ್ಡೋ ಮದ್ದನ್ನು ಹೇಗೆ ಕಲೆಸಬೇಕು (ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ಪ್ಲಾಸ್ಟಿಕ್ ಡ್ರಮ್ಮಿನಲ್ಲೇ), ನೆರಳು ಎಷ್ಟು ಕಡಿಯಬೇಕು, ಇದೆಲ್ಲ ನೋಡಿಯೇ ಬರುವ ವಿದ್ಯೆ. ಈ ಸಲದ ಕೊಯ್ಲಿನ ಕೂಲಿ ಪುಸ್ತಕವನ್ನು ಅವಳ ಕೈಗೆ ಕೊಡಿ. ಶನಿವಾರ ಸಂಜೆ ಕಣದ ಹತ್ತಿರ ಬಟವಾಡೆ ಮಾಡುವಾಗ ಹೆಸರು ಕೂಗುವುದು ಅವಳೇ ಆಗಲಿ, ಯಜಮಾನರು ಪಕ್ಕದಲ್ಲಿ ಕೂತಿರಲಿ.