ಆಡಳಿತ ಮಂಡಳಿ ಇರುವುದು ಬರೀ ಸಹಿ ಹಾಕುವುದಕ್ಕಾ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಸೇವಾ ಸಂಸ್ಥೆಗಳ ಆಡಳಿತ ಮಂಡಳಿ. ನಾಲ್ಕೂ ಹಾಸನ, ಚಿಕ್ಕಮಗಳೂರು ಕಡೆಯವೇ, ಹಾಗಾಗಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿದ್ದಾರೆ. ಹಾಕಿಲ್ಲ.

ಪ್ರಶ್ನೆ: ತೋಟದ ಲೈನ್ ಮನೆಗಳ (ಕಾರ್ಮಿಕರ ಸಾಲು ಮನೆಗಳ) ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವ ಸಂಘ ನಮ್ಮದು. ಮಂಡಳಿಯಲ್ಲಿ 11 ಜನ ಇದ್ದಾರೆ. ಎಲ್ಲರೂ ದೊಡ್ಡವರೇ. ಪ್ಲಾಂಟರ್‌ಗಳು, ಒಬ್ಬರು ಡಾಕ್ಟರು, ರಿಟೈರ್ಡ್ ಪ್ರಿನ್ಸಿಪಾಲರು, ಒಬ್ಬರು ಮಾಜಿ ಜನಪ್ರತಿನಿಧಿ. ಸಭೆಗೆ ಬರುವವರು ಮಾತ್ರ ಇಬ್ಬರೋ ಮೂವರೋ. ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿ) ಆಗುವುದೇ ಇಲ್ಲ. ಕೊನೆಗೆ ನಾನೇ ನಡಾವಳಿ ಪುಸ್ತಕ (ಸಭೆಯ ತೀರ್ಮಾನ ಬರೆಯುವ ಪುಸ್ತಕ) ಹಿಡಿದುಕೊಂಡು ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತೇನೆ. ಇವರನ್ನೆಲ್ಲ ಚುರುಕು ಮಾಡುವುದು ಹೇಗೆ?
(ಕಾರ್ಯದರ್ಶಿ, ಸಕಲೇಶಪುರ ತಾಲ್ಲೂಕು)

ಉತ್ತರ: ಮೇಡಂ, ಮೊದಲು ಆ ಮನೆಮನೆ ಸಹಿ ನಿಲ್ಲಿಸಿ. ನಡೆಯದ ಸಭೆ ನಡೆದಿದೆ ಎಂದು ಬರೆದರೆ ಅದು ಸುಳ್ಳು ದಾಖಲೆ, ಬೇರೆ ಹೆಸರಿಲ್ಲ. ಎಲ್ಲರೂ ಚೆನ್ನಾಗಿರುವಷ್ಟು ದಿನ ಯಾರೂ ಕೇಳುವುದಿಲ್ಲ. ನಾಳೆ ಇಬ್ಬರಿಗೆ ಮನಸ್ತಾಪ ಬಂದು, ಅವರಲ್ಲಿ ಒಬ್ಬರು 'ಆವತ್ತು ನಾನು ಊರಲ್ಲೇ ಇರಲಿಲ್ಲ, ಬೆಂಗಳೂರಲ್ಲಿದ್ದೆ' ಎಂದು ಹೇಳಿಬಿಟ್ಟರೆ ಆ ಸಭೆಯ ಬ್ಯಾಂಕ್ ಠರಾವು, ಟೀಚರ್ ನೇಮಕ, ಖರೀದಿ ಎಲ್ಲವೂ ತಕರಾರಿಗೆ ಬೀಳುತ್ತದೆ. ಪುಸ್ತಕದಲ್ಲಿರುವ ಕೈಬರಹ ನಿಮ್ಮದು. ಆಗ ಪ್ಲಾಂಟರ್ ಸಾಹೇಬರು ಬಂದು ನಿಮ್ಮ ಪರ ನಿಲ್ಲುತ್ತಾರಾ, ಯೋಚಿಸಿ. ಕೋರಂ ಆಗದಿದ್ದರೆ 'ಕೋರಂ ಇಲ್ಲದ ಕಾರಣ ಸಭೆ ಮುಂದೂಡಲಾಗಿದೆ' ಎಂದೇ ಬರೆದು ಬಂದವರ ಸಹಿ ಪಡೆಯಿರಿ. ಆಮೇಲೆ ಏನು ಮಾಡಬೇಕು ಎಂದು ಬೈಲಾ, ಅಂದರೆ ಸಂಘದ ನಿಯಮಾವಳಿ, ತೆಗೆದು ನೋಡಿ. ಎಷ್ಟೋ ಸಂಘಗಳಲ್ಲಿ ನೋಂದಣಿಯ ದಿನ ಬೀರು ಸೇರಿದ ಬೈಲಾ ಮತ್ತೆ ಹೊರಗೆ ಬಂದೇ ಇರುವುದಿಲ್ಲ!

ಇನ್ನು ಚುರುಕು ಮಾಡುವ ಮಾತು. ಅವರು ಯಾಕೆ ಬರುತ್ತಿಲ್ಲ ಎಂದರೆ, ಸೇರಿಸಿಕೊಳ್ಳುವಾಗ ಯಾರೋ 'ಸಾರ್, ನಿಮ್ಮ ಹೆಸರೊಂದಿದ್ದರೆ ಸಾಕು, ನಿಮಗೆ ಏನೂ ತೊಂದರೆ ಕೊಡುವುದಿಲ್ಲ' ಎಂದಿರುತ್ತಾರೆ. ಅವರು ಆ ಮಾತಿಗೆ ಸರಿಯಾಗಿಯೇ ನಡೆದುಕೊಳ್ಳುತ್ತಿದ್ದಾರೆ, ಅಲ್ವಾ? ಹಾಗಾಗಿ ಅವರ ಮೇಲೆ ಸಿಟ್ಟು ಬೇಡ. ಲೆಟರ್‌ಹೆಡ್ಡಿಗೆ, ಫ್ಲೆಕ್ಸಿಗೆ ಹೆಸರು ಬೇಕು ಎನ್ನುವುದು ಬೇರೆ, ಸಂಸ್ಥೆ ನಡೆಸುವುದಕ್ಕೆ ಜನ ಬೇಕು ಎನ್ನುವುದು ಬೇರೆ. ನಿಮ್ಮಲ್ಲಿ ಎರಡೂ ಕಲಸಿಹೋಗಿವೆ.

ಅಂದ ಹಾಗೆ 11 ಎಂಬ ಲೆಕ್ಕ ಎಲ್ಲಿಂದ ಬಂತು? ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘ ಕಟ್ಟುವುದಕ್ಕೆ ಕಡಿಮೆಯೆಂದರೆ 7 ಜನ ಬೇಕು. ಬರುವ 7 ಜನ ಬಾರದ 11 ಜನರಿಗಿಂತ ಎಷ್ಟೋ ವಾಸಿ. ಒಂದು ಹಾಳೆ ತೆಗೆದುಕೊಂಡು ಮುಂದಿನ ಎರಡು ಮೂರು ವರ್ಷಕ್ಕೆ ಸಂಘ ಏನೇನು ಮಾಡಬೇಕು ಎಂದು ಬರೆಯಿರಿ. ಪಕ್ಕದಲ್ಲಿ, ಅದಕ್ಕೆ ಎಂಥವರು ಬೇಕು ಎಂದು ಬರೆಯಿರಿ. ಲೆಕ್ಕ ಓದಬಲ್ಲವರು ಒಬ್ಬರು. ಅದಕ್ಕೆ ಸಿಎನೇ ಬೇಕಿಲ್ಲ, ಬ್ಯಾಂಕಿನಿಂದ ನಿವೃತ್ತರಾದವರು ಸಾಕು. ಶಿಕ್ಷಣ ಇಲಾಖೆಯ ಒಳಹೊರಗು ಗೊತ್ತಿರುವವರು ಒಬ್ಬರು. ಮತ್ತೆ, ಇದನ್ನು ಯಾರೂ ಬರೆಯುವುದಿಲ್ಲ, ಲೈನ್ ಮನೆಯಿಂದಲೇ ಒಬ್ಬ ತಾಯಿ. ಈಗ ನಿಮ್ಮ ಕಡೆ ತೋಟಗಳಲ್ಲಿ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳೂ ಇವೆ. ಅವರ ಮಕ್ಕಳು ಯಾಕೆ ಅರ್ಧಕ್ಕೇ ಪಾಠ ಬಿಡುತ್ತಾರೆ ಎಂಬುದು ಪ್ರಿನ್ಸಿಪಾಲರಿಗಿಂತ ಆ ತಾಯಿಗೆ ಜಾಸ್ತಿ ಗೊತ್ತಿರುತ್ತದೆ. ಆದರೆ ಆಕೆಯನ್ನು ಸಾಹುಕಾರರ ಎದುರು ಸುಮ್ನೆ ಕೂರಿಸಿದರೆ ಬಾಯಿ ಬಿಡುವುದಿಲ್ಲ. ಸಭೆಗೆ ಮೊದಲು ನೀವು ಕೂತು ವಿಷಯ ತಿಳಿಸಬೇಕು, ಅವತ್ತಿನ ಕೂಲಿ ತಪ್ಪದ ಹಾಗೆ ಭಾನುವಾರವೋ ಸಂಜೆಯೋ ಸಭೆ ಇಡಬೇಕು, ಮತ್ತು ಅಧ್ಯಕ್ಷರು ಮೊದಲು ಆಕೆಯನ್ನೇ ಕೇಳಬೇಕು. ಒಬ್ಬರ ಬದಲು ಇಬ್ಬರು ತಾಯಂದಿರು ಇದ್ದರೆ ಇನ್ನೂ ಒಳ್ಳೆಯದು.

ಈಗಿರುವ ದೊಡ್ಡವರನ್ನು ಏನು ಮಾಡುವುದು? ಒಬ್ಬೊಬ್ಬರ ಮನೆಗೆ ಹೋಗಿ. ನಡಾವಳಿ ಪುಸ್ತಕ ನಿಮ್ಮ ಮನೆಯಲ್ಲೇ ಬಿಟ್ಟು ಹೋಗಿ. ಕೊಟ್ಟ ಕಾಫಿ ಕುಡಿದು ನೇರವಾಗಿ ಕೇಳಿ: 'ಸಾರ್, ವರ್ಷಕ್ಕೆ 4 ಸಭೆ, ಜೊತೆಗೆ ಒಂದು ಜವಾಬ್ದಾರಿ. ಆಗುತ್ತದಾ? ಆಗದಿದ್ದರೆ ಸಲಹಾ ಸಮಿತಿಗೆ ಬನ್ನಿ.' ಸಲಹಾ ಸಮಿತಿಯವರಿಗೆ ಮತ ಇಲ್ಲ, ಅವರು ಕೋರಂ ಲೆಕ್ಕಕ್ಕೆ ಬರುವುದಿಲ್ಲ, ವಾರ್ಷಿಕೋತ್ಸವಕ್ಕೆ ಶಾಲು ಹಾರ ಇದ್ದೇ ಇರುತ್ತದೆ. ಬಹಳ ಜನ ನಿರಾಳವಾಗಿ ಒಪ್ಪುತ್ತಾರೆ. ಒಬ್ಬಿಬ್ಬರು ಮುನಿಸಿಕೊಳ್ಳುತ್ತಾರೆ, ಅದನ್ನು ತಡೆದುಕೊಳ್ಳಬೇಕು. ಬದಲಾವಣೆಯನ್ನು ಮಾತ್ರ ಬಾಯಿಮಾತಲ್ಲಿ ಮುಗಿಸಬೇಡಿ. ರಾಜೀನಾಮೆ ಬರಹದಲ್ಲಿ ಇರಲಿ, ಹೊಸಬರ ಆಯ್ಕೆ ಬೈಲಾ ಹೇಳುವ ಹಾಗೆ ಆಗಲಿ. ಸರ್ವ ಸದಸ್ಯರ ವಾರ್ಷಿಕ ಸಭೆ ಆದ 14 ದಿನದೊಳಗೆ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕ ಎರಡೂ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಹೋಗಬೇಕು. ಇದನ್ನು ವರ್ಷಗಟ್ಟಲೆ ಮರೆತು, ಯಾವುದೋ ಕಂಪನಿಯ ಸಿಎಸ್ಆರ್ (ಸಮಾಜಸೇವೆಗೆ ಕೊಡುವ) ಹಣ ಬರುತ್ತದೆ ಎಂದಾಗ ಹಾಸನಕ್ಕೆ ಓಡುವ ಸಂಘಗಳು ಬೇಕಾದಷ್ಟಿವೆ.

ಸಭೆಯ ದಿನಾಂಕ ಕೂಡ ಯೋಚಿಸಿ ಇಡಿ. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಆಮೇಲೆ ಕಾಫಿ ಹೂ ಅರಳಿಸುವ ಹೂವಿನ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಓಡಾಟ, ಜುಲೈಯಲ್ಲಿ ಮಳೆಗೆ ಕರೆಂಟೂ ಇಲ್ಲ, ರಸ್ತೆಯೂ ಇಲ್ಲ. ಕೊಯ್ಲಿನ ಮಧ್ಯೆ ಸಭೆ ಕರೆದು ಪ್ಲಾಂಟರ್ ಬರಲಿಲ್ಲ ಎಂದರೆ ಹೇಗೆ? ಇಡೀ ವರ್ಷದ ನಾಲ್ಕು ದಿನಾಂಕ ಏಪ್ರಿಲ್‌ನಲ್ಲೇ ಗೊತ್ತು ಮಾಡಿ. ಕೊಯ್ಲಿನ ಸಮಯದ ಒಂದು ಸಭೆ ಸಂಜೆ ಹೊತ್ತು, ಒಂದೇ ಗಂಟೆ. ವರ್ಷಕ್ಕೊಂದೇ ಸಭೆ ಸಾಕು ಎನ್ನುವವರು ನಿಮ್ಮಲ್ಲೂ ಇರಬಹುದು. ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆದರೆ ಜನ ಸಾಲುಗಟ್ಟಿ ನಿಲ್ಲುತ್ತಾರೆ, ನಿಮ್ಮ ಮಂಡಳಿಗೆ ಯಾರೂ ನಿಲ್ಲುವುದಿಲ್ಲ. ಅಜೆಂಡಾ, ಮೂರು ತಿಂಗಳ ಜಮಾಖರ್ಚು ವಾರ ಮೊದಲೇ ವಾಟ್ಸಾಪಿಗೆ ಹೋಗಲಿ, ಹಿರಿಯರಿಗೆ ಪ್ರಿಂಟ್ ಕೊಡಿ. ಸಭೆಯಲ್ಲಿ ವರದಿ ಓದುತ್ತಾ ಕೂರಬೇಡಿ. ಅವರು ತೀರ್ಮಾನ ಮಾಡಲೇಬೇಕಾದ ಒಂದೆರಡು ವಿಷಯ ಮುಂದಿಡಿ: ಈ ವರ್ಷ ಎರಡನೇ ಕೇಂದ್ರ ತೆರೆಯುವುದಾ, ಇರುವ ಟೀಚರ್‌ಗಳ ಸಂಬಳ ಏರಿಸುವುದಾ? ತಮ್ಮ ಮಾತಿನಿಂದ ಏನೋ ಬದಲಾಗುತ್ತದೆ ಎಂದು ಗೊತ್ತಾದವರು ಮುಂದಿನ ಸಭೆಗೂ ಬರುತ್ತಾರೆ.

ಪ್ರಶ್ನೆ: ವೃದ್ಧರಿಗೆ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ಸಂಘಕ್ಕೆ ನಾನು ಖಜಾಂಚಿ. ಅಧ್ಯಕ್ಷರೇ ಸಂಸ್ಥಾಪಕರು, ಹಗಲು ರಾತ್ರಿ ದುಡಿಯುತ್ತಾರೆ. ಆದರೆ ಖಾಲಿ ಚೆಕ್ಕುಗಳಿಗೆ ನನ್ನ ಸಹಿ ಹಾಕಿಸಿ ಇಟ್ಟುಕೊಳ್ಳುತ್ತಾರೆ. ಲೆಕ್ಕ ಕೇಳಿದರೆ 'ನನ್ನ ಮೇಲೆ ನಂಬಿಕೆ ಇಲ್ವಾ?' ಎನ್ನುತ್ತಾರೆ. ನಾನೇನು ಮಾಡಲಿ?
(ಚಿಕ್ಕಮಗಳೂರು)

ಉತ್ತರ: ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಇವತ್ತಿನಿಂದಲೇ. ಈಗಾಗಲೇ ಸಹಿ ಮಾಡಿರುವ ಚೆಕ್ಕುಗಳನ್ನು ವಾಪಸ್ ಪಡೆದು ರದ್ದು ಮಾಡಿ, ನಂಬರ್ ಬರೆದಿಡಿ.

ಜಂಟಿ ಸಹಿ ಎಂಬ ಪದ್ಧತಿ ಇಟ್ಟಿರುವುದೇ ಎರಡು ಜೊತೆ ಕಣ್ಣು ಬಿಲ್ ನೋಡಲಿ ಎಂದು. ಒಂದು ಜೊತೆ ಕಣ್ಣು ಮುಚ್ಚಿ ಸಹಿ ಹಾಕಿದರೆ ಆ ಪದ್ಧತಿ ಇದ್ದೂ ಇಲ್ಲದ ಹಾಗೆ. ನಂಬಿಕೆಯ ಮಾತಿಗೆ ನೀವು ಹೀಗೆ ಹೇಳಬಹುದು: 'ಅಣ್ಣ, ನಿಮ್ಮ ಮೇಲೆ ನನಗೆ ನಂಬಿಕೆ ಇದೆ. ನಾಳೆ ಯಾರಾದರೂ ನಿಮ್ಮ ಮೇಲೆ ಬೆರಳು ತೋರಿಸಿದರೆ ತೋರಿಸುವುದಕ್ಕೆ ನನ್ನ ಕೈಯಲ್ಲಿ ಕಾಗದ ಬೇಕು.' ಇದು ನಯವಾದ ಮಾತು, ಸತ್ಯವೂ ಹೌದು. ಊರಲ್ಲಿ ಸಂಸ್ಥಾಪಕರ ಹೆಸರು ಕೆಡುವುದು ಕಳ್ಳತನದಿಂದ ಕಡಿಮೆ, ಬಿಲ್ ಇಲ್ಲದ ಖರ್ಚಿನಿಂದಲೇ ಜಾಸ್ತಿ. ಪೆಟ್ರೋಲಿಗೆ ಕೈಯಿಂದ ಹಾಕಿದ್ದು, ರೋಗಿಯ ಮಾತ್ರೆಗೆ ಕೊಟ್ಟಿದ್ದು, ಆಮೇಲೆ ಅಂದಾಜಿನಲ್ಲಿ ತೆಗೆದುಕೊಂಡಿದ್ದು. ಅವರಿಗೆ ತಿಂಗಳಿಗೆ ಇಷ್ಟು ಎಂದು ಕೈಖರ್ಚಿನ ಹಣ ಠರಾವಿನಲ್ಲೇ ಕೊಡಿ, ವೋಚರ್ ಬಂದ ಮೇಲೆ ಮತ್ತೆ ತುಂಬಿ. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರತಿ ಸಭೆಯ ಮೊದಲ ವಿಷಯವಾಗಲಿ. ಎಸ್‌ಎಂಎಸ್ ಅಲರ್ಟ್ ನಿಮ್ಮ ಫೋನಿಗೂ ಬರುವ ಹಾಗೆ ಬ್ಯಾಂಕಿನಲ್ಲಿ ಕೇಳಿ.

ಏನು ಹೇಳಿದರೂ ಕೇಳದಿದ್ದರೆ? ಮೊದಲು ಮಂಡಳಿಗೆ ಬರಹದಲ್ಲಿ ಕೊಡಿ, ಪ್ರತಿಗೆ ಸಹಿ ಪಡೆಯಿರಿ. 1960ರ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಆಡಳಿತ ಮಂಡಳಿಯ ಬಹುಮತದವರು ಅಥವಾ ಸಂಘದ ಸದಸ್ಯರಲ್ಲಿ ಮೂರನೇ ಒಂದು ಭಾಗದವರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸುತ್ತಾರೆ. ಆದರೆ ಅಲ್ಲಿಗೆ ಹೋದ ಸಂಘ ಮೊದಲಿನಂತೆ ಉಳಿಯುವುದು ಕಷ್ಟ. ಅದಕ್ಕೇ ಹೇಳುವುದು, ಈಗಲೇ ಮಾತಾಡಿ. ಇನ್ನೊಂದು, ಕೇಳುವುದಕ್ಕೆ ಮುಜುಗರವಾದರೂ ಕೇಳಬೇಕಾದ ಪ್ರಶ್ನೆ: ನಾಳೆ ಅವರು ಹಾಸಿಗೆ ಹಿಡಿದರೆ ಸಂಸ್ಥೆ ನಡೆಸುವವರು ಯಾರು? ಉತ್ತರ ಇಲ್ಲದಿದ್ದರೆ ಈಗಿನಿಂದಲೇ ಒಬ್ಬರನ್ನು ಅವರ ಜೊತೆ ಹಾಕಿ. ರೋಗಿಗಳ ಪಟ್ಟಿ, ದಾನಿಗಳ ಫೋನ್ ನಂಬರ್, ಪಾಸ್‌ವರ್ಡ್ ಎಲ್ಲ ಒಬ್ಬರ ತಲೆಯಲ್ಲೇ ಇರಬಾರದು.

ಪ್ರಶ್ನೆ: ನಮ್ಮ ಟ್ರಸ್ಟಿನ ಕಟ್ಟಡಕ್ಕೆ ಸೈಟು ಕೊಟ್ಟ ಹಿರಿಯರು ಈಗ ತಮ್ಮ ಮಗನನ್ನು ಕಾಯಂ ಟ್ರಸ್ಟಿ ಮಾಡಿ, ಸೊಸೆಗೆ ಸಂಬಳದ ಕೆಲಸ ಕೊಡಿ ಎನ್ನುತ್ತಿದ್ದಾರೆ. ಇಲ್ಲ ಎನ್ನುವುದು ಹೇಗೆ?
(ಬೇಲೂರು)

ಉತ್ತರ: ಇಲ್ಲ ಎನ್ನುವ ಮೊದಲು ಸೈಟು ಯಾರ ಹೆಸರಲ್ಲಿದೆ ನೋಡಿ. ತಮಾಷೆ ಮಾಡುತ್ತಿಲ್ಲ. ಸ್ಥಿರಾಸ್ತಿಯ ದಾನ ಆಗಬೇಕಾದರೆ ದಾನಪತ್ರ ನೋಂದಣಿ ಆಗಿರಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ವೇದಿಕೆ ಮೇಲೆ ಮೈಕಿನಲ್ಲಿ 'ಕೊಟ್ಟಿದ್ದೇನೆ' ಎಂದರೆ ಕೊಟ್ಟ ಹಾಗಲ್ಲ. ದಾನಪತ್ರದಲ್ಲಿ ಷರತ್ತು ಏನಾದರೂ ಇದೆಯಾ ನೋಡಿ, ಖಾತೆ ಬದಲಾಗಿದೆಯಾ ನೋಡಿ. ಆಮೇಲೆ ಟ್ರಸ್ಟ್ ಡೀಡ್ (ಟ್ರಸ್ಟ್ ಸ್ಥಾಪಿಸಿದ ಪತ್ರ) ತೆಗೆಯಿರಿ. ಹೊಸ ಟ್ರಸ್ಟಿಯನ್ನು ಹೇಗೆ ಸೇರಿಸಬೇಕು ಎಂದು ಅದರಲ್ಲಿ ಇದ್ದರೆ ಆ ದಾರಿಯೇ ದಾರಿ.

ಮಗ ಕೆಲಸ ಮಾಡುವವನಾದರೆ ಬರಲಿ, ಎಲ್ಲರ ಹಾಗೆ ಅವಧಿಗೆ. ಸಾಮಾನ್ಯವಾಗಿ ಮೂರು ವರ್ಷ ಇಟ್ಟರೆ ಸರಿಹೋಗುತ್ತದೆ. ಎಲ್ಲರ ಅವಧಿ ಒಟ್ಟಿಗೆ ಮುಗಿಯದ ಹಾಗೆ ನೋಡಿಕೊಳ್ಳಿ. ಸೊಸೆಯ ಕೆಲಸದ್ದು ಸ್ವಲ್ಪ ಸೂಕ್ಷ್ಮ. ಟ್ರಸ್ಟಿಗಳ, ದೊಡ್ಡ ದಾನಿಗಳ ಮನೆಯವರಿಗೆ ಸಂಬಳ ಕೊಡಲೇಬಾರದು ಎಂದು ಆದಾಯ ತೆರಿಗೆ ಕಾನೂನು ಹೇಳುವುದಿಲ್ಲ. ಮಾಡಿದ ಕೆಲಸಕ್ಕೆ ನ್ಯಾಯವಾದ ಸಂಬಳ ಕೊಡಬಹುದು. ಅದಕ್ಕಿಂತ ಜಾಸ್ತಿ ಕೊಟ್ಟರೆ, ಬಡ್ಡಿಯಿಲ್ಲದೆ ಸಾಲ ಕೊಟ್ಟರೆ ತೆರಿಗೆ ವಿನಾಯಿತಿಗೇ ಕುತ್ತು. ಹಾಗಾಗಿ ಕೆಲಸ ಖಾಲಿ ಇದ್ದರೆ ಎಲ್ಲರಿಗೂ ತಿಳಿಯುವ ಹಾಗೆ ಅರ್ಜಿ ಕರೆಯಿರಿ. ಆಕೆಯೂ ಅರ್ಜಿ ಹಾಕಲಿ. ಆಯ್ಕೆಯ ದಿನ ಮಾವ, ಗಂಡ ಇಬ್ಬರೂ ಹೊರಗೆ ಕೂರಲಿ, ಅವರು ಹೊರಗಿದ್ದರು ಎಂದು ನಡಾವಳಿಯಲ್ಲಿ ಬರೆಯಿರಿ. ಹಿರಿಯರ ಹೆಸರನ್ನು ಕಟ್ಟಡಕ್ಕೆ ಇಡಿ, ಕಲ್ಲಿನಲ್ಲಿ ಕೆತ್ತಿಸಿ, ಅದಕ್ಕೆ ಜಿಪುಣತನ ಬೇಡ.

ಪ್ರಶ್ನೆ: ನನಗೆ 26 ವರ್ಷ. ಒಂದು ಗ್ರಂಥಾಲಯ ನಡೆಸುವ ಸಂಘದವರು ಮಂಡಳಿಗೆ ಬಾ ಎಂದು ಕರೆದಿದ್ದಾರೆ. ಒಪ್ಪಬಹುದಾ?
(ಅರಸೀಕೆರೆ)

ಉತ್ತರ: ಒಪ್ಪಬಹುದು. ಆದರೆ ಯಾಕೆ ಕರೆದಿದ್ದಾರೆ ಎಂದು ಕೇಳಿ. 'ಯುವಕರು ಇರಲಿ ಅಂತ' ಎಂದರೆ ಅದು ಉತ್ತರ ಅಲ್ಲ. ಬೈಲಾ, ಕಳೆದ ಎರಡು ಮೂರು ವರ್ಷದ ಆಡಿಟ್ ವರದಿ, ಈಚಿನ ನಡಾವಳಿ ಪುಸ್ತಕ ಓದಲು ಕೊಡಿ ಎನ್ನಿ. ನಡಾವಳಿಯಲ್ಲಿ ಎಲ್ಲ ಸಭೆಯೂ 'ಸರ್ವಾನುಮತದಿಂದ ಒಪ್ಪಲಾಯಿತು' ಎಂದೇ ಮುಗಿದಿದ್ದರೆ ಸ್ವಲ್ಪ ಅನುಮಾನ ಪಡಿ. ಒಂದು ಸಭೆಗೆ ಸುಮ್ನೆ ಹೋಗಿ ಕೂತು ಬನ್ನಿ. ಮಾತಾಡುವವರು ಒಬ್ಬರೇನಾ, ಪ್ರಶ್ನೆ ಕೇಳಿದವರ ಮುಖ ಉಳಿದವರು ಹೇಗೆ ನೋಡುತ್ತಾರೆ, ಅದೆಲ್ಲ ಅಲ್ಲೇ ಗೊತ್ತಾಗುತ್ತದೆ. ಲೆಕ್ಕ ತೋರಿಸುವುದಿಲ್ಲ ಎಂದರೆ ಪುಸ್ತಕ ಜೋಡಿಸುವುದಕ್ಕೆ ಹೋಗಿ, ಮಂಡಳಿಗೆ ಬೇಡ. ಮುಂದೆ ಯಾವತ್ತಾದರೂ ಬಿಟ್ಟು ಬರುವುದಾದರೆ ರಾಜೀನಾಮೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ವರ್ಷ ನೋಂದಣಾಧಿಕಾರಿಗೆ ಸಲ್ಲಿಸುವ ಪಟ್ಟಿಯಿಂದ ನಿಮ್ಮ ಹೆಸರು ತೆಗೆದಿದ್ದಾರಾ ಎಂದು ಒಮ್ಮೆ ನೋಡಿಕೊಳ್ಳಿ.